ಕಪ್ಪುಬಿಳುಪು

ನಲವತ್ತು ದಿನ ದಾಳಿಂಬೆ ಹಿಂಡಿದೆ ನಾನು.
ಸೇರು ರಸಕ್ಕೆ ಹಿಡಿ ಜೋಳದ ಹಿಟ್ಟು,
ಕುದಿಸಿ, ಸೋಸಿ, ಆರಿಸಿ
ತ್ಬಿಲಿಸಿಯಿಂದ ಬಂದ ಖಾತುನಾಳ ಮುಂದೆ ಹಿಡಿದರೆ
ಮೊಣಕೈ ಮೇಲೆ ಒಂದು ತೊಟ್ಟು ಬಿಟ್ಟುಕೊಂಡು ನೋಡುವಳು:
'ಇನ್ನೂ ದಪ್ಪ ಬೇಕು, ಮಾಕ್ವಾಲಾ ಅಕ್ಕಾ.
ಇದು ಓಡುತ್ತಿದೆ. ನೆತ್ತರು ಓಡಬಾರದು,
ಹೋಗಲೋ ಬೇಡವೋ ಅಂತ ನಿಂತು ನಿಂತು ಇಳಿಯಬೇಕು.'

ಗಣಿಯ ಕ್ಯಾಂಟೀನಿನಲ್ಲಿ ಹತ್ತೊಂಬತ್ತು ವರ್ಷ
ಲೋಬಿಯೋ ಬೇಯಿಸಿದ ಕೈ ಇದು,
ಹದ ಅಂದರೇನೆಂದು ಇದಕ್ಕೆ ಕಲಿಸಬೇಕೆ?
ಆದರೂ ಮತ್ತೆ ಒಲೆಗಿಟ್ಟೆ.

ಕತೆ ಇಷ್ಟೇ.
ಲಾಮಾರಾ ಎಂಬವಳು, ಕೇಬಲ್ ಕಾರು ನಡೆಸುತ್ತಿದ್ದವಳು,
ಸತ್ತು ಅರವತ್ತು ವರ್ಷವಾದರೂ ಸತ್ತಿಲ್ಲ.
ಕಣಿವೆಯ ನಟ್ಟನಡುವೆ ಕೆಟ್ಟು ನಿಂತ ತಗಡಿನ ಡಬ್ಬಿಯಲ್ಲಿ
ಹಗಲೆಲ್ಲ ಮಲಗಿ
ಕತ್ತಲಾದ ಮೇಲೆ ತಂತಿಯ ಮೇಲೆ ನಡೆದು ಬರುತ್ತಾಳೆ,
ಬರಿಗಾಲಲ್ಲಿ.
ಮೂರನೇ ಪಾಳಿ ಮುಗಿಸಿ ಮೇಲೆ ಬರುವ ಒಬ್ಬನ ಮೇಲೆ
ಮೊದಲು ಹಲ್ಲು, ಆಮೇಲೆ ಮನಸ್ಸು.

ಆ ಒಬ್ಬ ನಟನಲ್ಲ, ನಮ್ಮ ಬೊಂದೋ.
ಮೂರನೇ ಪಾಳಿಯವನೇ, ನಿಜವಾಗಿ.
ಬರೆದುಕೊಟ್ಟ ಮುದ್ದಿನ ಮಾತು ನಾಲಿಗೆಗೆ ಹತ್ತದೆ
ಹದಿನೇಳು ಸಲ ತೆಗೆದರು ಒಂದೇ ದೃಶ್ಯ.
ಕೊನೆಗೆ ತನಗೆ ತೋಚಿದ್ದು ಹೇಳಿಬಿಟ್ಟ:
'ನಿನ್ನ ಕೈ ತಣ್ಣಗಿದೆ. ನನ್ನದೂ.
ಹಿಡಿದುಕೊಂಡರೆ ಇಬ್ಬರಿಗೂ ಗೊತ್ತಾಗಲ್ಲ.'
ಖಾತುನಾ ಕ್ಯಾಮೆರಾದ ಹಿಂದೆ ಮೂಗು ಒರೆಸಿಕೊಂಡಳು.

ಡಿಸೆಂಬರಿನಲ್ಲಿ ಊರಿಗೇ ತಂದು ತೋರಿಸಿದರು.
ಹಳೇ ರಂಗಮಂದಿರ, ಹೀಟರಿಲ್ಲ, ಕೋಟು ತೆಗೆಯದೆ ಕೂತೆವು.
ಹೆಣವಾಗಿ ಮಲಗಿದ್ದ ತ್ಸಿಯಾಲಾ ಅಜ್ಜಿ ತೆರೆಯ ಮೇಲೆ
ತನ್ನನ್ನು ತಾನೇ ಕಂಡು ಶಿಲುಬೆಯ ಗುರುತು ಮಾಡಿಕೊಂಡಳು,
ಕೆಮ್ಮು ಬರುವಷ್ಟು ನಕ್ಕೆವು.
ಮುಂದಿನ ಸಾಲಿನಲ್ಲಿ ಕಂಪನಿಯ ಮ್ಯಾನೇಜರೂ ನಕ್ಕ.

ಆಮೇಲೆ ಕನ್ನಡಿ.
ಲಾಮಾರಾ ನಿಂತಳು, ಕನ್ನಡಿಯಲ್ಲಿ ಅವಳಿಲ್ಲ. ಸರಿ, ಇದು ನಮಗೆ ಗೊತ್ತು.
ಪಕ್ಕದಲ್ಲಿ ಬೊಂದೋ ಬಂದು ನಿಂತ.
ಅವನೂ ಇಲ್ಲ.
ಬರೀ ಗೋಡೆ, ಮೊಳೆಗೆ ನೇತುಹಾಕಿದ ಹೆಲ್ಮೆಟ್ಟು.
ಹಿಂದಿನಿಂದ ಯಾರೋ ಅಂದರು:
'ಸರಿಯಾಗೇ ಇದೆ, ಹಾಜರಿ ಪುಸ್ತಕದಲ್ಲೂ ಅವನಿಲ್ಲ.'
ಈ ಸಲ ನಗು ಅರ್ಧಕ್ಕೇ ನಿಂತಿತು.

ಅವಳು ಅವನ ಕುತ್ತಿಗೆಗೆ ಬಾಗಿದಾಗ
ನನ್ನ ಕೆಂಪು ನೋಡಲೆಂದು ನಾನೂ ಬಾಗಿದೆ ಕುರ್ಚಿಯಲ್ಲಿ.
ಎಲ್ಲಿದೆ ಕೆಂಪು?
ಹುಡುಗಿ ಇಡೀ ಚಿತ್ರದ ಬಣ್ಣ ತೆಗೆದುಹಾಕಿದ್ದಾಳೆ!
ನಲವತ್ತು ದಿನದ ದಾಳಿಂಬೆ
ಕಪ್ಪಾಗಿ, ದಪ್ಪಗೆ,
ಹೋಗಲೋ ಬೇಡವೋ ಅಂತ ನಿಂತು ನಿಂತು ಇಳಿಯುತ್ತಿದೆ,
ಸೇತುವೆಯ ಕೆಳಗಿನ ನಮ್ಮ ಹೊಳೆಯ ಹಾಗೆ.
ಕೊನೆಯ ಚಳಿಗಾಲದಲ್ಲಿ ಓತಿಯಾ
ನನ್ನಿಂದ ಬಚ್ಚಿಡುತ್ತಿದ್ದ ಕರವಸ್ತ್ರದ ಹಾಗೆ.
ಮ್ಯಾಂಗನೀಸು, ಅಂದಿದ್ದರು ಡಾಕ್ಟರು. ಕಾಗದದಲ್ಲಿ ಬರೆಯಲಿಲ್ಲ.

ಲಾಮಾರಾ ತುಟಿ ಎತ್ತಿದಳು.
'ನಿನ್ನನ್ನು ಆಗಲೇ ಯಾರೋ ಕುಡಿದಿದ್ದಾರೆ' ಅಂದಳು,
ಅಷ್ಟೇ ಮೆಲ್ಲಗೆ, ಊಟವಾಯಿತೇ ಎಂದು ಕೇಳುವವಳ ಹಾಗೆ,
ಅವನ ಹೆಗಲಿಗೆ ತಲೆಯಿಟ್ಟು
ಬೆಳಗಾಗುವುದನ್ನು ಕಾದಳು.

ದೀಪ ಹತ್ತಿದಾಗ ಯಾರೂ ಚಪ್ಪಾಳೆ ತಟ್ಟಲಿಲ್ಲ.
ಮ್ಯಾನೇಜರು ಬಹಳ ಹೊತ್ತು ಕೈಗವಸು ಹುಡುಕಿದ.
ಖಾತುನಾಳನ್ನು ಹೊರಗೆ ತಡೆದು ಬೈದೆ,
'ಬೀಟ್‌ರೂಟೇ ಸಾಕಿತ್ತಲ್ಲೇ, ಮಸಿಯೇ ಸಾಕಿತ್ತಲ್ಲೇ.'
'ಇಲ್ಲ ಅಕ್ಕಾ, ಕೆಂಪಿನಿಂದ ಬಂದ ಕಪ್ಪೇ ಬೇರೆ' ಅಂದಳು.
ಇದ್ದರೂ ಇರಬಹುದು.

ಹಿಟ್ಟು ಬೆರೆಸದ ಒಂದು ಸೀಸೆ ಉಳಿದಿದೆ, ಕಿಟಕಿಯಲ್ಲಿಟ್ಟಿದ್ದೇನೆ.
ಬಿಸಿಲು ಬಿದ್ದರೆ ಗೋಡೆಯ ಮೇಲೆ ಅಂಗೈಯಗಲ ಕೆಂಪು.
ಪಾಳಿ ಮುಗಿಸಿ ಹೋಗುವ ಬೊಂದೋ ಮೂಸಿ ನೋಡಿ
'ಹುಳಿ ಬಂದಿದೆ, ಚೆಲ್ಲು' ಅನ್ನುತ್ತಾನೆ.
ಚೆಲ್ಲಿಲ್ಲ.