ಟೈರಿಗೆ ತೇಪೆ ಹಾಕುವಷ್ಟು ಹೊತ್ತು

ಕೂತುಕೊಳ್ಳಿ, ಆ ಡ್ರಮ್ಮಿನ ಮೇಲೆ. ಅರ್ಧ ಗಂಟೆ ಹಿಡಿಯುತ್ತೆ.
ಈ ರಸ್ತೆಯದು ಜಲ್ಲಿಯಲ್ಲ, ಚಾಕುವಿನ ಚೂರು.
ನಿಮ್ಮಂಥವರ ಬಾಡಿಗೆ ವ್ಯಾನಿನ ರಬ್ಬರು ತಿಂದು ತಿಂದು
ಅದೂ ಬದುಕಿದೆ, ನಾನೂ ಬದುಕಿದ್ದೇನೆ.

ನಕ್ಷೆ ತನ್ನಿ ಇಲ್ಲಿ. ಕೈಯೆಲ್ಲ ಗ್ರೀಸು,
ಬೆರಳಿಟ್ಟಲ್ಲೆಲ್ಲ ಒಂದೊಂದು ಹೊಸ ಕೆರೆ ಹುಟ್ಟಿದರೆ
ಅದನ್ನು ಹುಡುಕಿಕೊಂಡು ಹೋಗಬೇಡಿ.

ಮುಂದೆ ಆರ್ಕ್ಟಿಕ್ ವೃತ್ತದ ಹಲಗೆ ಸಿಗುತ್ತೆ.
ಎಲ್ಲರೂ ಹಲ್ಲು ಕಿರಿದು ಫೋಟೋ ತೆಗೆಸುತ್ತಾರೆ, ನೀವೂ ತೆಗೆಸಿ.
ಆಮೇಲೆ ಹತ್ತು ಕಿಲೋಮೀಟರ್ ಹೋಗಿ ಎಂಜಿನ್ ಆರಿಸಿ.
ಅಲ್ಲಿ ಏನೂ ಇಲ್ಲ.
ಆ ಏನೂ ಇಲ್ಲದ್ದನ್ನು ಸೊಳ್ಳೆ ಮುತ್ತುವವರೆಗೆ ನೋಡಿ,
ಅಂದರೆ, ಒಂದು ನಿಮಿಷ.

ಪೀಲ್ ನದಿಗೆ ಸೇತುವೆಯಿಲ್ಲ. ವ್ಯಾನು ಹೊರುವ ದೋಣಿಯುಂಟು.
ವಿಲ್ಬರ್ಟ್ ಮಾತಾಡುವವನಲ್ಲ, ಕೈ ಬೀಸಿದರೆ ಹತ್ತಿಸಿ.
ಬೇಸಿಗೆಗೆ ದೋಣಿ, ಚಳಿಗೆ ನದಿಯೇ ರಸ್ತೆ,
ನಡುವೆ ಕೆಲವು ವಾರ ಅದು ನೀರೂ ಅಲ್ಲ ನೆಲವೂ ಅಲ್ಲ,
ಈ ದಡದವರು ಈ ದಡ, ಆ ದಡದವರು ಆ ದಡ.
ನನ್ನ ಮದುವೆಗೆ ದಿನ ಗೊತ್ತುಮಾಡಿದ್ದು ಆ ವಾರಗಳಲ್ಲೇ.
ಇರಲಿ.
ಆ ಸ್ಪ್ಯಾನರ್ ಕೊಡಿ.

ಫೋರ್ಟ್ ಮೆಕ್‌ಫರ್ಸನ್ನಿನಲ್ಲಿ ಹೊಗೆಮನೆ ಹೊಗೆಯಾಡುತ್ತಿದ್ದರೆ
ಬರ್ತಾ ಅತ್ತೆಯ ಬಾಗಿಲು ತಟ್ಟಿ, ಎಫಿ ಕಳಿಸಿದಳು ಅನ್ನಿ.
ಒಣಮೀನು ಕೊಡುತ್ತಾಳೆ. ಬೆಲೆ ಕೇಳಿದರೆ ಬಯ್ಯುತ್ತಾಳೆ.
ಕೇಳದಿದ್ದರೂ.

ಇನುವಿಕ್‌ನಲ್ಲಿ ಮನೆಗಳು ಕಂಬದ ಕಾಲಮೇಲೆ ನಿಂತಿವೆ,
ಕೆಳಗಿನ ಮಂಜುನೆಲಕ್ಕೆ ಒಲೆಯ ಬಿಸಿ ತಾಗಬಾರದೆಂದು,
ಮಲಗಿದ ಮಗುವಿನ ಪಕ್ಕ ನಡೆದಂತೆ.
ಟಕ್ಟೊಯಾಕ್ಟುಕ್‌ನಲ್ಲಿ ರಸ್ತೆ ಮುಗಿದು ಕಡಲು.
ಕಾಲು ಅದ್ದಿ. ಕಿರುಚಿ. ಎಲ್ಲರೂ ಕಿರುಚುತ್ತಾರೆ.

ವಾಪಸು ಬರುವಾಗ ಆಗಸ್ಟ್ ಕೊನೆಯಾಗಿರಲಿ.
ಫೈರ್‌ವೀಡ್ ಬುಡದಿಂದ ಅರಳಿ ತುದಿ ಮುಟ್ಟಿರುತ್ತೆ,
ತುದಿ ಮುಟ್ಟಿತೆಂದರೆ ಹಿಮಕ್ಕೆ ಲೆಕ್ಕ ಶುರು.
ಆಗ ಟೂಂಬ್‌ಸ್ಟೋನ್ ಪಾರ್ಕಿಗೆ ಹೋಗಿ.
ಕಪ್ಪು ಶಿಖರ, ಕೆಳಗೆ ನೆಲವೆಲ್ಲ ಕೆಂಪು,
ಯಾರೋ ಕಂಬಳಿ ಕೊಡವಿ ಹಾಸಲು ಮರೆತ ಹಾಗೆ.
ಕ್ಯಾರಿಬೂ ಬಂದರೆ ನಿಮ್ಮ ಪುಣ್ಯ.
ಹೋದ ವರ್ಷ ಈ ದಾರಿ ಹಿಡಿಯಲಿಲ್ಲ ಅವು,
ಯಾರನ್ನು ಕೇಳುವುದು?

ನಕ್ಷೆಯಲ್ಲಿ ಹಸಿರು ಬಣ್ಣ ಬಳಿಯುವ ಮೊದಲು
ಅಲ್ಲಿ ನಮ್ಮಜ್ಜಿ ಮೊಲಕ್ಕೆ ಉರುಳು ಒಡ್ಡುತ್ತಿದ್ದಳು.
ನನಗಾಗ ಆರು ವರ್ಷ. ಅವಳ ಬೆನ್ನು, ಅವಳ ಬುಟ್ಟಿ,
ಅಷ್ಟೇ ನನ್ನ ಬೆಟ್ಟ, ಅದರಾಚೆ ಏನೂ ಕಂಡಿಲ್ಲ.
ಬ್ಲ್ಯಾಕ್‌ಸ್ಟೋನ್ ಹೊಳೆ ಎರಡನೇ ಸಲ ತಿರುಗುವಲ್ಲಿ
ಸೊಟ್ಟ ಸ್ಪ್ರೂಸ್ ಒಂದಿದೆ, ನನ್ನಷ್ಟೇ ಎತ್ತರ, ಮೂರು ಪಟ್ಟು ವಯಸ್ಸು.
ಅದರ ಕೊಂಬೆಗೆ ಮಸಿ ಹಿಡಿದ ಕೆಟಲ್ ತೂಗಿದೆ.

ಹೋದ ಬೇಸಿಗೆಯಲ್ಲಿ ಒಬ್ಬ ಒಳ್ಳೆಯ ಹುಡುಗ
ಕಾಡು ಚೊಕ್ಕಟ ಮಾಡುತ್ತೇನೆಂದು ಅದನ್ನು ಚೀಲಕ್ಕೆ ತುಂಬಿ
ಇಲ್ಲಿ ತಂದು ನನ್ನ ಕಸದ ಡಬ್ಬಿಗೇ ಹಾಕಿದ.
ಧನ್ಯವಾದ ಹೇಳಿದೆ. ಅವನು ಹೋದ ಮೇಲೆ
ಅಂಗಡಿ ಮುಚ್ಚಿ, ಆರು ಗಂಟೆ ಓಡಿಸಿ, ಮತ್ತೆ ತೂಗಿಹಾಕಿ ಬಂದೆ.

ನಿಮಗೆ ಬೇಕಿದ್ದರೆ ಚಹಾ ಕಾಯಿಸಿಕೊಳ್ಳಿ.
ತೂಗಿಸುವಾಗ ಬಾಯಿ ಕೆಳಗೆ.
ಇಲ್ಲವಾದರೆ ಮಳೆ ನಿಂತು, ಹೆಪ್ಪುಗಟ್ಟಿ, ಬಿರುಕು ಬಿಡುತ್ತೆ.

ಮೂವತ್ತು ಡಾಲರ್. ಇನ್ನೊಂದು ಟೈರೂ ಸವೆದಿದೆ,
ನಿಧಾನ ಹೋಗಿ.