ಉಳಿಯ ಜಾಗ

ದಾಲ್ಕಾವೆಯ ದೋಣಿಕಟ್ಟೆಯಲ್ಲಿ ನೀರೇ ಗಡಿಯಾರ.
ಇಳಿತಕ್ಕೆ ಆರು ಗಂಟೆ, ಭರತಕ್ಕೆ ಆರು.
ಕೆಸರಿನ ಮೇಲೆ ದೋಣಿ ಒರಗಿ ನಿಂತಷ್ಟು ಹೊತ್ತು
ಅದರ ಹೊಟ್ಟೆ ನಮ್ಮದು.
ಆಮೇಲೆ ಕಡಲು ಅಂಚೆಯವನ ಹಾಗೆ ಬಂದು
ಮೊಣಕಾಲು ತಟ್ಟುತ್ತದೆ.

ನಾನು ಸೇರಿದ ದಿನ ಎದುವಿನಾ ಬಾರ್ರಿಯಾ
ಕೆಲಸ ಹೇಳಿಕೊಡಲಿಲ್ಲ, ಗೋಡೆ ತೋರಿಸಿದಳು.
ಹಲಗೆಯ ಮೇಲೆ ಕರಿ ಬಣ್ಣದಲ್ಲಿ
ಪ್ರತಿ ಹತಾರಕ್ಕೂ ಅದರದೇ ನೆರಳು ಬರೆದಿತ್ತು:
ಸುತ್ತಿಗೆಯ ನೆರಳಿನೊಳಗೆ ಸುತ್ತಿಗೆ,
ಗರಗಸದ ನೆರಳಿನ ಮೇಲೆ ಗರಗಸ,
ಬಾಚಿ, ಕೀಸುಳಿ, ಮೂರು ಉಳಿ.
"ಓದೋಕೆ ಬರುತ್ತಾ?" ಅಂದಳು.
ಬರುತ್ತೆ ಅಂದೆ.
"ಇದಕ್ಕೆ ಬೇಕಾಗಿಲ್ಲ."

ಮೊಳೆಯ ಡಬ್ಬಿಗಳಿಗೆ ಚೀಟಿ ಇಲ್ಲ.
ಕುಲುಕಿದರೆ ಸಾಕು, ತಾಮ್ರದ್ದು ಪಿಸುಗುಟ್ಟುತ್ತದೆ,
ಕಬ್ಬಿಣದ್ದು ಜಗಳಕ್ಕೆ ಬರುತ್ತದೆ.
ಏಣಿಯ ಕೊನೆಯ ಮೆಟ್ಟಿಲಿಗೆ ಮಾತ್ರ ಸುಣ್ಣ:
ಮುಸ್ಸಂಜೆ ಇಳಿಯುವ ಕಾಲು
ನೆಲ ಎಲ್ಲಿ ಎಂದು ಕೇಳುವಂತಾಗಬಾರದು.
ಪೆನ್ಸಿಲಿಗೊಂದು ದಾರ, ದಾರಕ್ಕೊಂದು ಕುತ್ತಿಗೆ, ಅವಳದು.
ಸಂಜೆಯ ಕೊನೆಯ ಸ್ಕ್ರೂ ಅರ್ಧಕ್ಕೇ ಬಿಡುವುದು,
ಬೆಳಿಗ್ಗೆ ಬಂದ ಕೈಗೆ
ಎಲ್ಲಿಂದ ಶುರು ಅನ್ನುವ ಚಿಂತೆ ಬೇಡವೆಂದು.

ಇದನ್ನೆಲ್ಲ ಅವಳು ನಿಯಮ ಅನ್ನುತ್ತಿರಲಿಲ್ಲ.
ನಿಯಮ ಒಂದೇ:
ಗೋಡೆಯ ಮೇಲೆ ಖಾಲಿ ನೆರಳಿದ್ದರೆ
ದೋಣಿಯ ಹೊಟ್ಟೆ ಮುಚ್ಚುವಂತಿಲ್ಲ.

ಆಗಸ್ಟಿನ ಚಳಿಯಲ್ಲಿ ಒಂದು ಮಂಗಳವಾರ
ಮಿಯಾಲೊಂಕೊನ ದೋಣಿಗೆ ಕಡೆಯ ಹಲಗೆ ಹಿಡಿದು ನಿಂತಿದ್ದೆ.
ನೀರು ಆಗಲೇ ಮುಖ ತಿರುಗಿಸಿತ್ತು.
ಎದುವಿನಾ ಗೋಡೆ ನೋಡಿದಳು.
ನಡುವಿನ ಉಳಿ ಇಲ್ಲ.
ಉಳಿ ಹೋದಲ್ಲಿ ಉಳಿದದ್ದು ಅದರ ಗೆರೆ,
ಬಿದ್ದ ಹಲ್ಲಿನ ಜಾಗ ನಾಲಿಗೆಯನ್ನು ಕರೆದಂತೆ
ಕಣ್ಣನ್ನು ಕರೆಯುತ್ತಿತ್ತು.

ಹುಡುಕಿದೆವು. ಹೊಟ್ಟಿನ ರಾಶಿ, ಸೆಣಬು, ಟಾರಿನ ಬಾಣಲೆ,
ದೋಣಿಯೊಳಗೆ ಅಂಗಾತ ಮಲಗಿ
ಪಕ್ಕೆಲುಬುಗಳ ಸಂದಿಗೆ ಟಾರ್ಚು ಬಿಟ್ಟು.
ಮಿಯಾಲೊಂಕೊ ದಡದಲ್ಲಿ ಶತಪಥ ಹಾಕಿದ:
"ಒಂದು ಉಳಿಗೆ ಒಂದು ಇಳಿತ ಕಳೆಯುತ್ತೀಯಾ?"
ಪಕ್ಕದ ಕಟ್ಟೆಯವರು ನಕ್ಕರು,
ಆನೆ ಕಳಕೊಂಡವರು ಗಡಿಗೆಯಲ್ಲಿ ತಡಕುವುದನ್ನು ಕಂಡ ಹಾಗೆ.
ಕೊನೆಗೆ ಎರಡು ಜೋಡಿ ಎತ್ತು ಹೂಡಿಸಿ
ತೆರೆದ ದೋಣಿಯನ್ನು ಮೇಲಕ್ಕೆ ಎಳೆಸಿದೆವು.
ಎತ್ತಿನ ಬಾಡಿಗೆ ಅವಳ ಲೆಕ್ಕಕ್ಕೆ.

ರಾತ್ರಿ ಅವಳು ಏಪ್ರನ್ ಬಿಚ್ಚಿ ಗೂಟಕ್ಕೆ ಹಾಕುವಾಗ
ಗೋಡೆಗೆ ಏನೋ ಠಣ್ ಎಂದು ಬಡಿಯಿತು.
ಮೊಣಕಾಲಿನವರೆಗೆ ಇಳಿದ ಜೇಬಿನ ತಳದಲ್ಲಿ
ಉಳಿ, ಬೆಚ್ಚಗೆ, ಬೆಕ್ಕಿನ ಮರಿಯಂತೆ.

ನಾನು ನಗೆಗೆ ಕಾದೆ, ಇಲ್ಲವೇ ಬೈಗುಳಕ್ಕೆ.
ಅವಳು ಜೇಬಿಗೆ ಕೈ ಇಳಿಬಿಟ್ಟು
ಬೆರಳ ಗೆಣ್ಣುಗಳಲ್ಲಿ ಅಳೆದು
"ಜೇಬು ಆಳ ಜಾಸ್ತಿ" ಅಂದಳು.
ಅಷ್ಟೇ.
ದೀಪದ ಪಕ್ಕ ಕೂತು ಅಡ್ಡಕ್ಕೊಂದು ಹೊಲಿಗೆ ಹಾಕಿದಳು,
ಉಳಿ ಇಟ್ಟರೆ ಹಿಡಿ ಹೊರಗೆ ಇಣುಕಬೇಕು, ಅಷ್ಟು ಉಳಿಸಿ.
ದಾರ ಕಚ್ಚಿ ತುಂಡರಿಸಿ
ನನ್ನ ಏಪ್ರನ್ನನ್ನೂ ಕೇಳಿದಳು.

ಮನೆಗೆ ನಡೆಯುತ್ತ ನೆನೆದೆ,
ನನ್ನನ್ನು ನಾನೇ ಬೈದುಕೊಂಡ ಸಲಗಳನ್ನು:
ಕೀಲಿಕೈ, ಕೊಡೆ, ಅಕ್ಕನಿಗೆ ಮಾಡಬೇಕಿದ್ದ ಫೋನು.
ಎಷ್ಟೊಂದು ಜೇಬುಗಳು ಆಳ ಇದ್ದವೋ.

ಎರಡು ವಾರ ಕಳೆದು ಒಂದು ಬೆಳಿಗ್ಗೆ
ಗರಗಸ ಅದರ ಜಾಗದಲ್ಲಿಲ್ಲ. ನೆರಳೂ ಇಲ್ಲ,
ಉಜ್ಜಿ ತೆಗೆದ ಬಿಳಿಚು ಗುರುತು ಮಾತ್ರ.
ಗೋಡೆಯ ಎಡತುದಿಯಲ್ಲಿ, ನನ್ನ ಭುಜದೆತ್ತರಕ್ಕೆ,
ಹಿಡಿಯನ್ನು ಈ ಕಡೆಗೆ ತಿರುಗಿಸಿ
ಹೊಸ ಕರಿ ಗೆರೆಯೊಳಗೆ ತೂಗುತ್ತಿತ್ತು.
ಬಣ್ಣ ಇನ್ನೂ ಬೆರಳಿಗೆ ಅಂಟುವಷ್ಟು ಹಸಿ.

ನಾನು ಎಡಚ. ಯಾರಿಗೂ ಹೇಳಿರಲಿಲ್ಲ,
ಬಲಗೈಯವರ ಕೊಟ್ಟಿಗೆಯಲ್ಲಿ
ಅದೊಂದು ಹೇಳುವ ವಿಷಯವೇ ಅಲ್ಲ.

ಏನೋ ಹೇಳಲು ಬಾಯಿ ತೆರೆದೆ.
"ನೀರು ಇಳೀತಿದೆ" ಅಂದಳು ಎದುವಿನಾ,
ಬೆನ್ನು ತಿರುಗಿಸಿಯೇ.

ನಿನ್ನೆಯ ಅರ್ಧ ಸ್ಕ್ರೂ ಕಾದುಕೊಂಡಿತ್ತು.
ಮಸಿ ಹತ್ತಿದ ಬೆರಳಲ್ಲೇ ತಿರುಗಿಸಿದೆ.