ಎರಡು ಕಿಲೋ ಕಡಿಮೆ

ಅರ್ಜಿಯ ಒಂಬತ್ತನೇ ಕಲಮು:
ಹಳೆಯ ಒಲೆ ಸತ್ತದ್ದಕ್ಕೆ ಪುರಾವೆ.
ಸತ್ತದ್ದು ಅಂತ ಅಲ್ಲಿ ಬರೆದಿಲ್ಲ,
'ಶಾಶ್ವತವಾಗಿ ನಿಷ್ಕ್ರಿಯ' ಎಂದಿದೆ.
ಪುರಸಭೆಯ ಈ ಮೇಜಿನ ಹಿಂದೆ ಹನ್ನೊಂದು ವರ್ಷ ಕೂತು
ನಾನೇ ಹಾಗೆ ಓದಿಕೊಳ್ಳುತ್ತೇನೆ.

ಹಿಲ್ಡೆಗಾರ್ದಾ ಪಿತ್ಲಿಕ್ ಬಂದದ್ದು ಅಕ್ಟೋಬರಿನಲ್ಲಿ.
ಕೈಚೀಲದಲ್ಲಿ ಮನೆಪತ್ರ, ಪಿಂಚಣಿ ಚೀಟಿ,
ಗಂಡನ ಮರಣಪತ್ರ,
ಕಾಗದದಲ್ಲಿ ಸುತ್ತಿದ ಗಸಗಸೆ ಕೇಕು.
ಲಂಚ ಅಲ್ಲ ಮಗಾ, ಸೊರಗಿದ್ದೀಯ, ತಿನ್ನು.

ಮನೆ, ಸಿಲೇಸಿಯಾದ ಗಣಿ ಬೀದಿಯ ಎಲ್ಲ ಮನೆಗಳಂತೆ:
ಮಸಿ ಕುಡಿದ ಇಟ್ಟಿಗೆ, ಕೆಂಪು ಬಳಿದ ಕಿಟಕಿ,
ಹಿತ್ತಲಲ್ಲಿ ಪಾರಿವಾಳದ ಗೂಡು.
ಆಲೊಯ್ಜ್ ಮೂವತ್ತೊಂದು ವರ್ಷ ನೆಲದೊಳಗೆ ದುಡಿದ.
ಸಂಬಳದ ಜೊತೆ ಗಣಿ ಕಲ್ಲಿದ್ದಲನ್ನೂ ಕೊಡುತ್ತಿತ್ತು,
ವರ್ಷಕ್ಕೆ ಇಷ್ಟು ಟನ್ನು, ಬಿಟ್ಟಿ.
ಅಂಗಳಕ್ಕೆ ಸುರಿದ ದಿನ ಮಕ್ಕಳು ಆ ಗುಡ್ಡ ಹತ್ತಿ
ಕರಿ ಕೋತಿಗಳಾಗಿ ಇಳಿಯುತ್ತಿದ್ದರು.
ಅದೂ ಅನುದಾನವೇ ತಾನೆ, ಎಂದಳು.
ಆಗ ಒಲೆ ಹೊತ್ತಿಸೋಕೆ ಕೊಟ್ಟರು,
ಈಗ ಆರಿಸೋಕೆ ಕೊಡ್ತಾರೆ.
ಎರಡಕ್ಕೂ ಸಹಿ ಮಾತ್ರ ನನ್ನದೇ ಬೇಕು.

ಕಾರಣ ಎಂಬಲ್ಲಿ ಏನು ಬರೆಯಲಿ?
ತುಸು ಹೊತ್ತು ಕಿಟಕಿ ನೋಡಿದಳು.
'ಕೆಮ್ಮುತ್ತಿದ್ದ' ಅಂತ ಬರಿ.
ನಾನು 'ಇಂಧನ ದಕ್ಷತೆ' ಎಂದು ಬರೆದೆ.

ಡಿಸೆಂಬರಿನಲ್ಲಿ, ಗಣಿಯವರ ಸಂತ ಬಾರ್ಬರಾಳ ಹಬ್ಬ ಕಳೆದ ಮರುದಿನ
ಗುಜರಿ ಗಾಡಿ ಬಂತು.
ನಿಯಮ ಹಾಗೆ: ಮೊದಲು ಒಲೆ ಹೋಗಬೇಕು, ಆಮೇಲೆ ಹಣ.
ಕಿತ್ತ ಜಾಗದಲ್ಲಿ ನೆಲ ಬೆಳ್ಳಗಿತ್ತು,
ಗಡಿಯಾರ ಬಿಚ್ಚಿದ ಮಣಿಕಟ್ಟಿನ ಹಾಗೆ.
ಗುಜರಿ ಚೀಟಿಯಲ್ಲಿ ನೂರ ಹದಿನಾರು ಕಿಲೋ,
ಅರ್ಜಿಯಲ್ಲಿ ನೂರ ಹದಿನೆಂಟು.
ಆಗ ನನ್ನ ಕಣ್ಣಿಗೆ ಬೀಳಲಿಲ್ಲ.

ಜನವರಿಯಲ್ಲಿ ರಾಜಧಾನಿಯಿಂದ ಎರಡು ಸಾಲು:
ಯೋಜನೆ ತಾತ್ಕಾಲಿಕವಾಗಿ ಸ್ಥಗಿತ.
ಎಲ್ಲೋ ಯಾರೋ ಸುಳ್ಳು ಬಿಲ್ಲು ಬರೆದರಂತೆ.
ಮೊಸರು ತಿಂದ ಕೋತಿ ಯಾವ ಊರಿನದೋ,
ಒರೆಸಿದ್ದು ಈ ಬೀದಿಯ ಮೇಕೆಗಳ ಮೂತಿಗೆ.

ಫೆಬ್ರುವರಿ, ಸೊನ್ನೆಗೆ ಹದಿನಾಲ್ಕು ಕೆಳಗೆ.
ನನ್ನ ಮೇಜಿನ ಕೆಳಗಿನ ಹೀಟರು ಹೊತ್ತು ಹೋದೆ.
ಅವಳು ಗಂಡನ ಹಬ್ಬದ ಕರಿ ಕೋಟು ತೊಟ್ಟು ಕೂತಿದ್ದಳು,
ಇಪ್ಪತ್ತೊಂಬತ್ತು ಹಿತ್ತಾಳೆ ಗುಂಡಿ,
ಒಂದೂ ಬಿಡದೆ ಹಾಕಿದ್ದಳು.
ನನಗೆ ಬೈದಳು, ಮಂತ್ರಿಗೆ ಬೈದಳು,
ಪಾರಿವಾಳಗಳಿಗೂ ಒಂದಿಷ್ಟು.
ಬೈಗುಳ ಮುಗಿದ ಮೇಲೆ ಕೇಳಿದಳು:
ಇದರ ಕರೆಂಟು ಎಲ್ಲಿಂದ?
ಬಾಲ್ಟಿಕ್ ಕಡಲ ಗಾಳಿಯಿಂದ ಅನ್ನುತ್ತದೆ ನಮ್ಮ ಕರಪತ್ರ.
ನಿಜ ಹೇಳು.
ಇನ್ನೂ ಬಹುಪಾಲು ಕಲ್ಲಿದ್ದಲೇ, ಎಂದೆ.
ಆಲೊಯ್ಜ್ ಇದನ್ನು ಕೇಳಿದ್ದರೆ ನಗುತ್ತಿದ್ದ,
ಎಂದವಳು ಹೀಟರನ್ನು ಕಾಲಿನ ಹತ್ತಿರಕ್ಕೆ ಎಳೆದುಕೊಂಡಳು.

ಏಳು ಪತ್ರ ಬರೆದೆ.
ಏಳಕ್ಕೂ ಒಂದೇ ಉತ್ತರ, ತಲುಪಿದೆ ಎಂದು.

ಹಣ ಬಂದದ್ದು ಮೇ ತಿಂಗಳಲ್ಲಿ,
ಯಾರಿಗೂ ಒಲೆ ಬೇಡವಾದಾಗ.
ಹಿತ್ತಲ ಗೋಡೆಗೆ ಬಿಳಿ ಪೆಟ್ಟಿಗೆ ಕೂತಿತು,
ಹೊರಗಿನ ಗಾಳಿಯಿಂದ ಬಿಸಿ ಹೀರುತ್ತದಂತೆ.
ಇಲ್ಲದ ಕಡೆಯಿಂದ ಹೀರೋದು ಸರ್ಕಾರಕ್ಕೆ ಹೊಸದಲ್ಲ, ಎಂದಳು.
ಆದರೂ ಗುಂಡಿ ಒತ್ತಿ,
ಗುಂಯ್ ಅಂದದ್ದಕ್ಕೆ ಕಿವಿಗೊಟ್ಟು,
ಅದರ ತಲೆಯ ಧೂಳನ್ನು ಸೆರಗಿನಂಥ ಏಪ್ರನ್ನಿನಿಂದ ಒರೆಸಿದಳು.

ಕೊನೆಯ ತಪಾಸಣೆಗೆ ಹೋಗಿದ್ದೆ.
ಪಾರಿವಾಳದ ಗೂಡಿಗೆ ಹೊಸ ಬಾಗಿಲು:
ಎರಕದ ಕಬ್ಬಿಣ, ಗಾಳಿಗೆ ಐದು ಸೀಳು,
ಹಳೆಯ ಕಾರ್ಖಾನೆಯ ಹೆಸರು, ಅರ್ಧ ಸವೆದದ್ದು.
ಎರಡು ಕಿಲೋ ಇದ್ದೀತು.
ಅವಳು ನನ್ನ ಮುಖ ನೋಡಿದಳು,
ನಾನು ಅರ್ಜಿ ನೋಡಿದೆ.
ಬೆಂಕಿ ಇದ್ದ ಕಡೆ ಯಾವುದೋ ಹಕ್ಕಿ
ಗಂಟಲು ಉಬ್ಬಿಸಿ ಗುಟುರು ಹಾಕುತ್ತಿತ್ತು.

ಒಂಬತ್ತನೇ ಕಲಮು: ನಿಷ್ಕ್ರಿಯ.
ತೂಕ: ಸರಿಯಿದೆ.